ಮೆಟ್ಟಿಲ ಕೆಳಗಿನ ಲೆನ್ಸಕ್ಕ

ಸೂರ್ಯ ಇನ್ನೂ ಹುಟ್ಟಿಲ್ಲ. ಕೆರೆಯ ಮೇಲೆ ಮಂಜು ಹಾಲಿನ ಕೆನೆಯಂತೆ ಕಟ್ಟಿಕೊಂಡಿದೆ. ದಡದ ಹುಲ್ಲಿನ ಮೇಲೆ ಹಳೆಯ ಬೆಡ್‌ಶೀಟ್ ಹಾಸಿಕೊಂಡು, ಐವತ್ತು ದಾಟಿದ ಹೆಂಗಸೊಬ್ಬರು ಅಂಗಾತ ಅಲ್ಲ, ಬೋರಲು ಮಲಗಿದ್ದಾರೆ. ಮುಖದ ಮುಂದೆ ಮರಳು ತುಂಬಿದ ಪುಟ್ಟ ದಿಂಬು, ದಿಂಬಿನ ಮೇಲೆ ಕ್ಯಾಮೆರಾ. ಯಾರಾದರೂ ದೂರದಿಂದ ನೋಡಿದರೆ ನಿದ್ದೆ ಹೋಗಿದ್ದಾರೆ ಅಂದುಕೊಳ್ಳಬೇಕು, ಅಷ್ಟು ನಿಶ್ಚಲ.

ಜೊಂಡಿನ ಕಡ್ಡಿಯೊಂದು ಬಾಗುತ್ತದೆ. ಮಿಂಚುಳ್ಳಿ ಬಂದು ಕೂತಿದೆ. ಅವರು ಉಸಿರು ಬಿಗಿಹಿಡಿದು ಗುಂಡಿ ಒತ್ತುತ್ತಾರೆ. ಹಕ್ಕಿ ನೀರಿಗೆ ಧುಮುಕಿ, ಖಾಲಿ ಕೊಕ್ಕಿನಲ್ಲಿ ಮೇಲೆ ಬಂದು, ಅದೇ ಕಡ್ಡಿಯ ಮೇಲೆ ಕೂತು ಮೈ ಕೊಡವಿಕೊಳ್ಳುತ್ತದೆ. "ನಿಂಗೂ ಬೋಣಿ ಆಗ್ಲಿಲ್ವಾ? ಹೋಗ್ಲಿ ಬಿಡು, ಇನ್ನೂ ಹೊತ್ತಿದೆ" ಎಂದು ಅವರು ಮೆಲ್ಲಗೆ ಸಮಾಧಾನ ಹೇಳುತ್ತಾರೆ. ಆಮೇಲೆ ಎದ್ದು ಕೂತು, ತೆಗೆದ ಚಿತ್ರವನ್ನು ಹಿಗ್ಗಿಸಿ ಮೂಲೆ ಮೂಲೆ ನೋಡಿ, ತೃಪ್ತಿಯಾದ ಮೇಲೆ ಅಳಿಸಿಬಿಡುತ್ತಾರೆ.

"ಇದು ರಿಪೇರಿ ಆಗಿದ್ಯಾ ಇಲ್ವಾ ಅಂತ ನೋಡೋಕಷ್ಟೆ. ಕ್ಯಾಮೆರಾ ನಾಳೆ ಯಾರ ಕೈಗೋ ಹೋಗತ್ತೆ. ಅದ್ರಲ್ಲಿ ಮೊದಲ್ನೇ ಚಿತ್ರ ಅವ್ರದ್ದೇ ಇರ್ಲಿ."

ಪೇಟೆಯಲ್ಲಿ ಇವರನ್ನು ಎಲ್ಲರೂ ಕರೆಯುವುದು ಲೆನ್ಸಕ್ಕ ಎಂದೇ. ಹಳೆಯ ಮೂರಂತಸ್ತಿನ ಕಟ್ಟಡವೊಂದರ ಮೆಟ್ಟಿಲ ಕೆಳಗೆ ಇವರ ಅಂಗಡಿ. ಎರಡೂ ಕೈ ಚಾಚಿದರೆ ಎರಡೂ ಗೋಡೆ ಮುಟ್ಟುತ್ತವೆ. ತಲೆಯ ಮೇಲೆ ಜನ ಹತ್ತಿ ಇಳಿಯುವ ಸದ್ದು ದಿನವಿಡೀ ದಬದಬ. ಬಳಸಿದ ಕ್ಯಾಮೆರಾಗಳನ್ನು ಕೊಂಡು, ಬಿಚ್ಚಿ, ಧೂಳು ತೆಗೆದು, ಸರಿಪಡಿಸಿ ಮಾರುವುದು ಇಲ್ಲಿಯ ಕಸುಬು. ಬರುವವರಲ್ಲಿ ಹೆಚ್ಚಿನವರು ಕೈ ಬಿಗಿಯಿರುವ ಕನಸುಗಾರರು. ಕಾಡು ಸುತ್ತಬೇಕು, ಹಕ್ಕಿಯ ಚಿತ್ರ ಹಿಡಿಯಬೇಕು ಎಂದು ಹೊರಟು, ಹೊಸ ಕ್ಯಾಮೆರಾದ ಬೆಲೆ ಕೇಳಿ ಎದೆ ಒಡೆದುಕೊಂಡಿರುವ ಆಸ್ಪತ್ರೆಯ ದಾದಿ, ಬೇಕರಿಯ ಕೆಲಸಗಾರ, ಲಿಫ್ಟ್ ರಿಪೇರಿಯವನು. ದಿನಕ್ಕೆ ನಾಲ್ಕೈದು ಮಂದಿ ಬಂದರೆ ಒಬ್ಬರು ಕೊಂಡಾರು. ಉಳಿದವರು ಮುಟ್ಟಿ, ನೋಡಿ, ನಿಟ್ಟುಸಿರು ಬಿಟ್ಟು ಹೋಗುತ್ತಾರೆ. ಅವರ ಮೇಲೂ ಲೆನ್ಸಕ್ಕನಿಗೆ ಬೇಸರವಿಲ್ಲ. "ಮುಟ್ಟಿದ್ರೆ ಸವೆಯತ್ತಾ?"

ಈ ನಂಟು ಶುರುವಾದದ್ದು ಹುಡುಗಿಯಾಗಿದ್ದಾಗ, ಫೋಟೋ ಸ್ಟುಡಿಯೊ ಒಂದರ ಕತ್ತಲೆ ಕೋಣೆಯಲ್ಲಿ. ತೊಳೆದ ಚಿತ್ರಗಳನ್ನು ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಿಸುವುದು ಇವರ ಕೆಲಸ. ಕೆಂಪು ದೀಪದ ಕೆಳಗೆ, ತಟ್ಟೆಯ ನೀರಿನಲ್ಲಿ, ಬಿಳಿ ಕಾಗದದ ಮೇಲೆ ಬೆಟ್ಟವೊಂದು ನಿಧಾನವಾಗಿ ಮೂಡುತ್ತಿತ್ತು. ಇನ್ನೊಂದರಲ್ಲಿ ಸಮುದ್ರ, ಮತ್ತೊಂದರಲ್ಲಿ ಯಾರೋ ಕಂಡ ಜಿಂಕೆ. "ಊರು ಬಿಟ್ಟು ಹೋಗದೇನೇ ನಾನು ನೋಡದ ಜಾಗ ಇಲ್ಲ. ಎಲ್ಲಾ ಒದ್ದೆ ಒದ್ದೆಯಾಗೇ ನೋಡಿದ್ದು" ಎಂದು ನಗುತ್ತಾರೆ. ಫಿಲ್ಮಿನ ಕಾಲ ಮುಗಿಯಿತು, ಸ್ಟುಡಿಯೊ ಬಾಗಿಲು ಹಾಕಿತು. ಸ್ಟುಡಿಯೊದ ಯಜಮಾನರು ಹೋಗುವಾಗ ರಿಪೇರಿಯ ಪೆಟ್ಟಿಗೆಯನ್ನು ಇವರ ಕೈಗಿಟ್ಟರು. ಸತ್ತ ಕ್ಯಾಮೆರಾಗಳನ್ನು ಬಿಚ್ಚಿ ಬಿಚ್ಚಿಯೇ ಬದುಕಿರುವವುಗಳನ್ನು ಸರಿ ಮಾಡುವುದನ್ನು ಕಲಿತರು. ಮೆಟ್ಟಿಲ ಕೆಳಗಿನ ಜಾಗ ಹಿಡಿದರು. ಬದುಕು ಒಂದು ದಾರಿಗೆ ಬಂತು.

ಆಮೇಲೆ ಕೈ ನಡುಗಲು ಶುರುವಾಯಿತು.

ಮೊದಲು ಒಂದು ಸ್ಕ್ರೂ ಬೆರಳಿನಿಂದ ಜಾರಿತು, ಸಾಸಿವೆ ಕಾಳಿಗಿಂತ ಚಿಕ್ಕದು. ಮರುದಿನ ಇನ್ನೊಂದು. ಬಲಗೈ ತನ್ನಷ್ಟಕ್ಕೆ ತಾನು, ಗಾಳಿಗೆ ಎಲೆ ಅಲ್ಲಾಡುವ ಹಾಗೆ ಅಲ್ಲಾಡುತ್ತಿತ್ತು. "ಡಾಕ್ಟ್ರು ಹೇಳಿದ್ರು, ಇದು ಹೆದರೋವಂಥದ್ದಲ್ಲಮ್ಮಾ, ಆದ್ರೆ ಹೋಗೋವಂಥದ್ದೂ ಅಲ್ಲ ಅಂತ. ಅಂಗಡಿಗೆ ಬೀಗ ಹಾಕಿ ಮನೇಲಿ ಕೂತ್ಬಿಟ್ಟೆ. ಊಟ ಮಾಡೋವಾಗ ಚಮಚ ತಟ್ಟೆಗೆ ತಾಗಿ ಟಿಣಿಟಿಣಿ ಅಂದ್ರೂ ಅಳು ಬರೋದು."

ಅವರನ್ನು ಎಬ್ಬಿಸಿ ಕರೆದುಕೊಂಡು ಬಂದವರು ತಂಗಿ. ಪಕ್ಕದ ಮಳಿಗೆಯಲ್ಲೇ ಬಟ್ಟೆ ಬಿಗಿ ಸಡಿಲ ಮಾಡಿಕೊಡುವ ದರ್ಜಿ. ಒಂದು ಬೆಳಿಗ್ಗೆ ಅಕ್ಕನ ಅಂಗಡಿಯ ಬೀಗ ತೆಗೆಸಿ, ಹೊಲಿಗೆ ಯಂತ್ರವನ್ನು ಒಳಗೆ ತಂದು ಇಟ್ಟೇಬಿಟ್ಟರು. "ಸೂಜಿಗೆ ದಾರ ಪೋಣಿಸೋ ಕೈಗೆ ನಿನ್ನ ಸ್ಕ್ರೂ ಯಾವ ಲೆಕ್ಕ ಅಕ್ಕಾ? ನೀನು ಹೇಳ್ತಾ ಹೋಗು, ನಾನು ತಿರುಗಿಸ್ತಾ ಹೋಗ್ತೀನಿ." ಅಂದಿನಿಂದ ಕಣ್ಣು ಅಕ್ಕನದು, ಕೈ ತಂಗಿಯದು. ಮಿಕ್ಕ ಬಟ್ಟೆ ಚೂರುಗಳಿಂದ ತಂಗಿ ಕ್ಯಾಮೆರಾ ಪಟ್ಟಿ, ಚೀಲಗಳನ್ನೂ ಹೊಲಿಯುತ್ತಾರೆ. ಕೆರೆಯ ದಡದ ಮರಳು ದಿಂಬೂ ಅವರದೇ ಹೊಲಿಗೆ. ಕೈಯಲ್ಲಿ ಹಿಡಿದು ಚಿತ್ರ ತೆಗೆಯುವುದನ್ನು ಲೆನ್ಸಕ್ಕ ಆ ಕಾಲಕ್ಕೇ ಬಿಟ್ಟುಬಿಟ್ಟಿದ್ದರು. ಅದು ಇನ್ನು ತನ್ನ ಪಾಲಿಗಿಲ್ಲ ಎಂದುಕೊಂಡಿದ್ದರು.

ಹೋದ ಚಳಿಗಾಲದಲ್ಲಿ ಒಬ್ಬರು ಬಂದರು. ಬಿಳಿ ಮೀಸೆ, ಅಗಲ ಭುಜ, ಮೆಟ್ಟಿಲ ಕೆಳಗೆ ತಲೆ ತಗ್ಗಿಸಿ ನಿಂತರು. ಬಸ್ ಡ್ರೈವರ್ ಆಗಿ ಆಗಷ್ಟೇ ನಿವೃತ್ತರಾದವರು.

"ಜೀವಮಾನ ಪೂರ್ತಿ ಕಾಡಿನ ರಸ್ತೇಲೇ ಗಾಡಿ ಓಡ್ಸಿದೀನಮ್ಮಾ. ಹಿಂದೆ ಕೂತೋರೆಲ್ಲಾ 'ಅಗೋ ಜಿಂಕೆ, ಅಗೋ ಕರಡಿ' ಅಂತ ಕೂಗೋರು. ನಾನು ಒಂದು ಸಲಾನೂ ಪಕ್ಕಕ್ಕೆ ತಿರುಗಿ ನೋಡಿಲ್ಲ. ನೋಡೋ ಹಾಗೇ ಇರ್ಲಿಲ್ಲ. ಐವತ್ತು ಜೀವ ನನ್ನ ಕೈಲಿತ್ತು. ಈಗ ನೋಡ್ಬೇಕು. ಬರೀ ನೋಡಿದ್ರೆ ಸಾಲ್ದು, ಹಿಡ್ಕೊಂಡು ಬರ್ಬೇಕು. ನಿಮ್ಮತ್ರ ಇರೋದ್ರಲ್ಲೇ ಉದ್ದದ ಲೆನ್ಸ್ ಕೊಡಿ."

ಲೆನ್ಸಕ್ಕ ಕಪಾಟಿನಿಂದ ಸೋರೆಕಾಯಿಯಷ್ಟು ಉದ್ದದ ಲೆನ್ಸನ್ನು ತೆಗೆದು ಕೊಟ್ಟರು. "ಕಣ್ಣಿಗೆ ಹಿಡೀರಿ ಅಣ್ಣಾ. ನಮ್ಮ ತಂಗಿ ಆ ಪರದೆ ಅಂಚು ಹೊಲಿದು ಮುಗಿಸೋ ತನಕ ಇಳಿಸ್ಬೇಡಿ." ಯಂತ್ರ ಕಟಕಟ ಓಡಿತು. ಅಂಚು ಅರ್ಧಕ್ಕೆ ಬರುವ ಮೊದಲೇ ಡ್ರೈವರಣ್ಣನ ತೋಳು ಇಳಿದಿತ್ತು.

"ಇಷ್ಟು ವರ್ಷ ಸ್ಟೀರಿಂಗ್ ತಿರುಗಿಸಿದ ತೋಳಮ್ಮಾ ಇದು!"

"ಸ್ಟೀರಿಂಗ್ ನಿಮ್ಮನ್ನ ಹೊತ್ಕೊಂಡಿತ್ತು ಅಣ್ಣಾ. ಇದನ್ನ ನೀವು ಹೊರಬೇಕು. ಪ್ರಾಣಿ ಬರೋ ಹೊತ್ತಿಗೆ ಕ್ಯಾಮೆರಾ ಚೀಲದಲ್ಲಿದ್ರೆ ಏನು ಬಂತು?"

ಆ ಮಧ್ಯಾಹ್ನ ಇಬ್ಬರೂ ಕೂತು ಒಂದೊಂದನ್ನೇ ತೂಗಿ ನೋಡಿದರು. ಭಾರೀ ಜೂಮ್ ಇರುವ ಪುಟ್ಟ ಕ್ಯಾಮೆರಾ ಇತ್ತು, ಹಗುರ, ಅಗ್ಗ. "ಬಿಸಿಲಲ್ಲಿ ಬಂಗಾರ. ಆದ್ರೆ ಇದ್ರೊಳಗೆ ಬೆಳಕು ಹಿಡಿಯೋ ಸೆನ್ಸರ್ ನಿಮ್ಮ ಕಿರುಬೆರಳ ಉಗುರಷ್ಟು. ಮಬ್ಬು ಬೆಳಕಲ್ಲಿ ಚಿತ್ರ ಕಾಳು ಕಾಳಾಗತ್ತೆ. ಪ್ರಾಣಿ ಬರೋದೇ ಮಬ್ಬಲ್ಲಿ." ಹಾಗಾದರೆ ಹೊಸ ಮಾದರಿ? "ಬೇಡ. ಕ್ಯಾಮೆರಾ ಬಾಡಿ ಹಳೇದಾದ್ರೂ ನಡೆಯತ್ತೆ, ಲೆನ್ಸಿನ ಗಾಜು ಒಳ್ಳೇದಿರ್ಬೇಕು." ಕೊನೆಗೆ ಎರಡು ಮಾದರಿ ಹಿಂದಿನ ಒಂದು ಕ್ಯಾಮೆರಾ, ಅದಕ್ಕೊಂದು ಮಧ್ಯಮ ಉದ್ದದ, ಕೈಯ ಅಲುಗಾಟ ತಡೆಯುವ ಜೂಮ್ ಲೆನ್ಸ್ ಮುಂದೆ ಬಂತು. ಎಷ್ಟು ಸಲ ಗುಂಡಿ ಒತ್ತಿದ್ದಾರೆ ಎಂಬ ಲೆಕ್ಕ ಕ್ಯಾಮೆರಾದೊಳಗೇ ಇರುತ್ತದೆ ಎಂದು ಲೆನ್ಸಕ್ಕ ತೋರಿಸಿದಾಗ ಡ್ರೈವರಣ್ಣನ ಮುಖ ಅರಳಿತು. "ಅಂದ್ರೆ ಗಾಡಿ ಎಷ್ಟು ಓಡಿದೆ ಅಂತ! ಮೊದ್ಲೇ ಹೇಳ್ಬಾರ್ದಾ? ಇಷ್ಟಕ್ಕೆ ಇಂಜಿನ್ ಇನ್ನೂ ಹೊಸದು ಬಿಡಿ." ಪರದೆಯ ಇನ್ನೊಂದು ಅಂಚಿನ ಮೇಲೆ ಯಂತ್ರ ಓಡಿತು. ಈ ಸಲ ತೋಳು ಇಳಿಯಲಿಲ್ಲ.

ವಾರ ಕಳೆದು ಅವರು ಮತ್ತೆ ಬಂದರು. ಮೀಸೆ ಇಳಿಬಿದ್ದಿತ್ತು. ಕ್ಯಾಮೆರಾ ಚೀಲವನ್ನು ಮೇಜಿನ ಮೇಲಿಟ್ಟರು.

"ವಾಪಸ್ ತಗೊಳ್ಳಮ್ಮಾ."

"ಯಾಕಣ್ಣಾ, ಏನಾಯ್ತು? ಕೆಟ್ಟೋಯ್ತಾ?"

"ಕೆಟ್ಟಿರೋದು ಅದಲ್ಲ, ನಾನು. ಬಸ್ಸಲ್ಲಿ ಮುಂದಿನ ಸೀಟಲ್ಲಿ ಕೂತಿದ್ದೆ. ಕಾಡು ಶುರುವಾಗಿದ್ದೇ ತಡ, ನನ್ನ ಕಣ್ಣು ರಸ್ತೆಗೆ ಅಂಟ್ಕೊಂಡ್ಬಿಡ್ತು. ತಿರುವು ಬಂದಾಗೆಲ್ಲಾ ಬಲಗಾಲು ಬ್ರೇಕ್ ಒತ್ತತ್ತೆ. ಅಲ್ಲಿ ಬ್ರೇಕೆಲ್ಲಿದೆ? ಹೊರಗೆ ಜಿಂಕೆ ಹಿಂಡೇ ನಿಂತಿತ್ತಂತೆ. ನಮ್ಮನೆಯವಳು ಹೇಳಿದ್ಲು. ನಾನು ನೋಡ್ಲಿಲ್ಲ."

ಮಾರಿದ ಕ್ಯಾಮೆರಾ ವಾಪಸು ಬರುವುದು ಲೆನ್ಸಕ್ಕನಿಗೆ ಹೊಸದಲ್ಲ. ಆದರೆ ಚಿತ್ರಗಳಿರಬೇಕಾದ ಅದರ ಕಾರ್ಡ್ ಖಾಲಿಯಿತ್ತು. ಅವರು ಚೀಲವನ್ನು ಡ್ರೈವರಣ್ಣನ ಕಡೆಗೇ ತಳ್ಳಿದರು. "ಇನ್ನೊಂದು ಸಲ ಹೋಗಿ ಅಣ್ಣಾ. ಹಿಂದಿನ ಸೀಟಲ್ಲಿ ಕೂತ್ಕೊಳ್ಳಿ, ರಸ್ತೆ ಕಾಣದ ಹಾಗೆ."

ಡ್ರೈವರಣ್ಣ ಚೀಲದ ಪಟ್ಟಿ ಹಿಡಿದುಕೊಂಡು ಹೇಳಿದರು: "ಹೋಗ್ತೀನಿ. ನೀವೂ ಬರೋದಾದ್ರೆ. ಪಕ್ಕದಲ್ಲಿ ಕೂತು ತಿವೀತಾ ಇರಿ."

"ನಾನಾ? ನಾನು ಯಾವತ್ತೂ ಎಲ್ಲಿಗೂ ಹೋದೋಳಲ್ಲ."

ಯಂತ್ರದ ಸದ್ದು ನಿಂತಿತು. ತಂಗಿ ಎದ್ದು, ಕಪಾಟಿನ ಕೊನೆಯ ಅರೆಯಿಂದ ಒಂದು ಕ್ಯಾಮೆರಾ ತೆಗೆದರು. ಹಳೆಯದು, ಬೆನ್ನ ಮೇಲಿನ ಚಿತ್ರ ತೋರಿಸುವ ಪುಟ್ಟ ಪರದೆ ಸತ್ತುಹೋದದ್ದು; ತೆಗೆದ ಚಿತ್ರ ಅದರಲ್ಲಿ ಕಾಣುವುದಿಲ್ಲವಾದ್ದರಿಂದ ಯಾರೂ ಕೊಳ್ಳದೆ ಉಳಿದದ್ದು. ಅದನ್ನು ಅಕ್ಕನ ಕೊರಳಿಗೆ ಹಾಕಿದರು. "ಊರಿಗೆಲ್ಲಾ ಆರಿಸಿ ಕೊಟ್ಟೆ. ನಿನಗೆ ನಾನು ಆರಿಸಿದೀನಿ. ಚಿತ್ರ ಕಾಣಲ್ಲ, ಸರಿಯಾಗಿ ಬಂತೋ ಇಲ್ವೋ ಅಂತ ಕೊರಗೋಕೂ ಆಗಲ್ಲ. ಸುಮ್ನೆ ಹೋಗ್ಬಾ."

ಹಾಗೆ, ಬೆಳಕು ಹರಿಯುವ ಮೊದಲಿನ ಬಸ್ಸಿನಲ್ಲಿ, ಡ್ರೈವರಣ್ಣ, ಅವರ ಹೆಂಡತಿ, ಲೆನ್ಸಕ್ಕ ಮೂವರೂ ಕೊನೆಯ ಸಾಲಿನಲ್ಲಿ ಕೂತರು. ಕಿಟಕಿಯ ಪಕ್ಕಕ್ಕೆ ಲೆನ್ಸಕ್ಕ, ಅವರ ಪಕ್ಕಕ್ಕೆ ಡ್ರೈವರಣ್ಣನ ಹೆಂಡತಿ, ಆಚೆಗೆ ಡ್ರೈವರಣ್ಣ.

ಆ ಬೆಳಗನ್ನು ಈಗ ಹೇಳುವಾಗಲೂ ಲೆನ್ಸಕ್ಕನ ದನಿ ತಗ್ಗುತ್ತದೆ. ಮಂಜು ಎಷ್ಟಿತ್ತೆಂದರೆ ಬಸ್ಸು ನೆಲ ಬಿಟ್ಟು ತೇಲುತ್ತಿರುವ ಹಾಗಿತ್ತಂತೆ. ಮರಗಳು ಒಂದೊಂದಾಗಿ ಬೂದು ಬಣ್ಣದಿಂದ ಮೂಡಿ, ಹತ್ತಿರ ಬಂದು ಹಸಿರಾಗಿ, ಮತ್ತೆ ಕರಗುತ್ತಿದ್ದವು. "ತಟ್ಟೆ ನೀರಲ್ಲಿ ಚಿತ್ರ ಬರ್ತಿತ್ತಲ್ಲ, ಥೇಟ್ ಹಾಗೆ. ಕ್ಯಾಮೆರಾ ತೆಗೆದು ಹಿಡಿದೆ. ಕೈ ಅದರ ಪಾಡಿಗೆ ನಡುಗ್ತಿತ್ತು. ಆಚೀಚೆ ನೋಡ್ತೀನಿ, ಆ ಬಸ್ಸಲ್ಲಿ ಯಾರ ಕೈ ನೆಟ್ಟಗಿದೆ? ಎಲ್ರೂ ನಡುಗ್ತಿದಾರೆ, ಕಿಟಕಿ ನಡುಗ್ತಿದೆ, ಕಂಬಿ ನಡುಗ್ತಿದೆ. ನಗು ಬಂದ್ಬಿಡ್ತು."

ಒಂದು ತಿರುವಿನಲ್ಲಿ ಬಸ್ಸು ನಿಧಾನವಾಯಿತು. ಮಂಜಿನ ಮೇಲೆ, ಒಣ ಕೊಂಬೆಗಳಂಥ ಏನೋ ಎದ್ದು ನಿಂತಿತ್ತು. ಕೊಂಬೆಗಳು ಅಲುಗಿದವು. ಗಂಡು ಜಿಂಕೆ. ದೇಹವಿಲ್ಲ, ಬರೀ ಕೋಡು.

"ಅಣ್ಣಾ, ಈ ಕಡೆ!" ಎಂದು ಲೆನ್ಸಕ್ಕ ಪಿಸುಗುಟ್ಟಿದರು. ಅವರು ತಿವಿಯುವ ಅಗತ್ಯ ಬೀಳಲಿಲ್ಲ. ಆ ಕೆಲಸವನ್ನು ಹೆಂಡತಿಯೇ ಮೊಣಕೈಯಿಂದ ಚೆನ್ನಾಗಿ ಮಾಡಿದರು. ಲೆನ್ಸಕ್ಕ ಗುಂಡಿ ಒತ್ತಿದರು. ಏನು ಬಂತೋ ಗೊತ್ತಿಲ್ಲ. ಮತ್ತೆ ಒತ್ತಿದರು. ಬಸ್ಸು ಮುಂದೆ ಹೋಯಿತು.

ಸಂಜೆ ಅಂಗಡಿಯ ಕಂಪ್ಯೂಟರಿನ ಮುಂದೆ ನಾಲ್ಕೂ ಜನ ಒತ್ತೊತ್ತಾಗಿ ನಿಂತರು. ಡ್ರೈವರಣ್ಣನ ಕಾರ್ಡಿನಲ್ಲಿ ಒಂದೇ ಒಂದು ಚಿತ್ರ: ಎದುರಿನ ಸೀಟಿನ ಬೆನ್ನು. ಜಿಂಕೆಯನ್ನು ಕಂಡವರೇ ಕ್ಯಾಮೆರಾ ಎತ್ತುವುದನ್ನೇ ಮರೆತು, ಮಡಿಲಲ್ಲಿಟ್ಟುಕೊಂಡು ಒತ್ತಿದ್ದರು. ಲೆನ್ಸಕ್ಕನ ಕಾರ್ಡಿನಲ್ಲಿ ಮಂಜು, ಮಂಜು, ಇನ್ನಷ್ಟು ಮಂಜು. ಆಮೇಲೆ ಅದು ಬಂತು. ಕಿಟಕಿಯ ಗಾಜಿನಾಚೆ, ತುಸು ಕಲಸಿಹೋದ ಕೋಡುಗಳು. ಗಾಜಿನ ಮೇಲೆ, ನೆರಳಿನಂತೆ, ಒಳಗಿನವರ ಪ್ರತಿಬಿಂಬ: ಕುತ್ತಿಗೆ ಪೂರ್ತಿ ಪಕ್ಕಕ್ಕೆ ತಿರುಗಿಸಿ, ಬಾಯಿ ಅರೆ ತೆರೆದು ನೋಡುತ್ತಿರುವ ಡ್ರೈವರಣ್ಣ. ಕೋಡುಗಳು ನೇರ ಅವರ ತಲೆಯಿಂದಲೇ ಮೂಡಿದ ಹಾಗಿದ್ದವು.

ಮೇಲೆ ಯಾರೋ ಮೆಟ್ಟಿಲು ಇಳಿದು ಹೋದರು.

"ಜಿಂಕೆಗಿಂತ ನನ್ನ ಮೂಗೇ ದೊಡ್ಡದಾಗಿ ಬಂದಿದೆಯಲ್ಲಮ್ಮಾ" ಎಂದರು ಡ್ರೈವರಣ್ಣ, ಕಣ್ಣು ಒರೆಸಿಕೊಳ್ಳುತ್ತ.

"ಇದನ್ನ ದೊಡ್ಡದಾಗಿ ಪ್ರಿಂಟ್ ಹಾಕ್ಸಿಕೊಡಿ" ಎಂದರು ಹೆಂಡತಿ. "ಮದ್ವೆ ಆದಾಗಿನಿಂದ ಇವ್ರು ಪಕ್ಕಕ್ಕೆ ತಿರುಗಿದ್ದು ಇದೇ ಮೊದ್ಲು. ನಾನಿದ್ದಿದ್ದೂ ಆ ಪಕ್ಕಾನೇ."

ಕ್ಯಾಮೆರಾ ವಾಪಸು ಕೊಡುವ ಮಾತು ಮತ್ತೆ ಬರಲಿಲ್ಲ. ಡ್ರೈವರಣ್ಣ ಈಗ ತಿಂಗಳಿಗೊಮ್ಮೆಯಾದರೂ ಹೆಂಡತಿಯೊಂದಿಗೆ ಎಲ್ಲಿಗಾದರೂ ಬಸ್ಸು ಹತ್ತುತ್ತಾರೆ. ಬಲಗಾಲು ಇನ್ನೂ ಆಗೊಮ್ಮೆ ಈಗೊಮ್ಮೆ ಬ್ರೇಕ್ ಹುಡುಕುತ್ತದಂತೆ. ಲೆನ್ಸಕ್ಕನೂ ಎರಡು ಪ್ರಯಾಣ ಮಾಡಿದ್ದಾರೆ, ತಂಗಿಯ ಜೊತೆ. ಕ್ಯಾಮೆರಾದ ಪರದೆ ಸರಿ ಮಾಡಿಸಿಕೊಳ್ಳಬಹುದಲ್ಲ ಎಂದರೆ ತಲೆ ಅಲ್ಲಾಡಿಸುತ್ತಾರೆ. ಮನೆಗೆ ಬರುವ ತನಕ ಏನು ಸಿಕ್ಕಿದೆಯೋ ಗೊತ್ತಿಲ್ಲದ ಆ ಸುಖವನ್ನು ಯಾಕೆ ಬಿಡಬೇಕು ಎನ್ನುವುದು ಅವರ ವಾದ.

ಇವತ್ತು ಅಂಗಡಿಯಲ್ಲಿ ಬೇಕರಿಯ ಕೆಲಸಗಾರ ಒಂದು ಕ್ಯಾಮೆರಾವನ್ನು ಕಣ್ಣಿಗೆ ಹಿಡಿದು ನಿಂತಿದ್ದಾರೆ. ತಂಗಿ ದಿಂಬಿನ ಚೀಲವೊಂದರ ಅಂಚು ಹೊಲಿಯುತ್ತಿದ್ದಾರೆ. ಹೊಲಿಗೆ ಮುಗಿಯುವುದನ್ನು ಕಾಯುತ್ತ, ನಿಮಗೆ ಇನ್ನೇನಾದರೂ ಆಸೆ ಉಂಟೇ ಎಂದು ಕೇಳಿದ್ದಕ್ಕೆ ಲೆನ್ಸಕ್ಕ ಲೆನ್ಸೊಂದರ ಧೂಳು ಒರೆಸುತ್ತ ಹೇಳುತ್ತಾರೆ:

"ಕ್ಯಾಮೆರಾ ಕೆಟ್ರೆ ಎಲ್ರೂ ಓಡ್ಬರ್ತಾರೆ. ಚೆನ್ನಾಗಿದ್ರೆ ಈ ಕಡೆ ತಲೆ ಹಾಕಲ್ಲ. ಕೆಡದೇ ಇದ್ರೂ ಒಂದ್ಸಲ ಬರ್ಲಿ. ಏನು ನೋಡಿದ್ರಿ ಅಂತ ಹೇಳಿ ಹೋಗ್ಲಿ. ಅಷ್ಟೆ."