ಕೂರದವನು ಮಾಡಿದ ಬೆಂಚು

ನಮ್ಮ ಸೇವಾ ಕ್ಲಬ್ಬಿನ ಬಡಗಿಯನ್ನು ನಾವೆಲ್ಲ ಬುಗುರಿ ಎಂದೇ ಕರೆಯುತ್ತಿದ್ದೆವು. ಆಸಾಮಿ ಒಂದು ಕಡೆ ಕೂತವನಲ್ಲ. ಸಭೆಯಲ್ಲೂ ಬಾಗಿಲಲ್ಲೇ ನಿಂತು, "ಬೇಗ ಮುಗಿಸ್ರಪ್ಪ" ಎಂದು ಚಡಪಡಿಸುತ್ತಿದ್ದ. ಕ್ಲಬ್ಬು ಆಸ್ಪತ್ರೆಗೆ ಕೊಟ್ಟ ಬೆಂಚುಗಳನ್ನೆಲ್ಲ ಮಾಡಿದವನು ಅವನೇ.

ಮೊನ್ನೆ ಜ್ವರ ಬಂದ ಹೆಂಡತಿಯನ್ನು ಅಲ್ಲಿಗೆ ಕರೆದೊಯ್ದ. ಬೆಂಚಿನ ಮೇಲೆ ಕೂತ ಆಕೆಯ ಕಾಲು ನೆಲಕ್ಕೆ ಎಟುಕಲಿಲ್ಲ. ಪಕ್ಕದ ಮುದುಕಿಯ ಕಾಲೂ ನೇತಾಡುತ್ತಿತ್ತು.

"ಧರ್ಮಕ್ಕೆ ಕೊಟ್ಟಿದ್ದು, ಏನಂತ ದೂರೋದಪ್ಪ?" ಎಂದಳು ಮುದುಕಿ.

ಸಂಜೆ ಅವನು ಗರಗಸ ಹಿಡಿದೇ ಸಭೆಗೆ ಬಂದು ವಿಷಯ ಹೇಳಿದ.

"ಒಂದ್ಸಲನಾದ್ರೂ ಕೂತು ನೋಡ್ಬಾರ್ದಿತ್ತೇನಯ್ಯ?" ಎಂದು ಅಧ್ಯಕ್ಷರು ರೇಗಿದರು.

ಬುಗುರಿ ಗೋಡೆಯ ಮೇಲಿದ್ದ, ಬೆಂಚು ದಾನ ಮಾಡಿದಾಗಿನ ಫೋಟೊಗಳತ್ತ ಗರಗಸ ಚಾಚಿದ. "ಇದ್ರಲ್ಲಿ ಕೂತಿರೋ ಒಬ್ರನ್ನ ತೋರ್ಸಿ."

ಪ್ರತಿ ಫೋಟೊದಲ್ಲೂ ನಾವು ಬೆಂಚಿನ ಹಿಂದೆ ನಗುತ್ತ ಸಾಲಾಗಿ ನಿಂತಿದ್ದೆವು.