ಭಿನ್ನಮತದ ಪುಟ

ಜೂನ್ ತಿಂಗಳಲ್ಲಿ ನನಗೆ ಅಲಾರಂ ಬೇಕಿಲ್ಲ. ಅಮೆರಿಕದ ಸುಪ್ರೀಂ ಕೋರ್ಟು ವರ್ಷದ ದೊಡ್ಡ ತೀರ್ಪುಗಳನ್ನೆಲ್ಲ ಆ ತಿಂಗಳಿಗೇ ಉಳಿಸಿಕೊಂಡಿರುತ್ತದೆ. ಅಲ್ಲಿ ರಾಜಧಾನಿಯಲ್ಲಿ ಹತ್ತು ಗಂಟೆ ಎಂದರೆ ಇಲ್ಲಿ ರೆಡ್ಮಂಡ್‌ನಲ್ಲಿ ಬೆಳಗಿನ ಏಳು. ಏಳಕ್ಕೆ ತೀರ್ಪು, ಏಳೂಕಾಲಿಗೆ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ನನ್ನ ಟಿಪ್ಪಣಿ. ಆರು ವರ್ಷ ಇದನ್ನು ವ್ರತದ ಹಾಗೆ ನಡೆಸಿಕೊಂಡು ಬಂದಿದ್ದೆ. ಈ ಕಡೆ ಕನ್ಸರ್ವೇಟಿವ್ ಎಂದರೆ ಜನ ಮೂಗು ಮುರಿಯುತ್ತಾರೆ. ಆಫೀಸಿನಲ್ಲಿ ನಾನು ಬಾಯಿ ಬಿಡುವವನಲ್ಲ, ಗುಂಪಿನಲ್ಲಿ ಮಾತ್ರ ಹುಲಿ. ಸರ್ಕಾರದ ಕೈ ಉದ್ದವಾಗಬಾರದು, ಕಾನೂನು ಮಾಡುವುದು ಚುನಾವಣೆ ಗೆದ್ದು ಬಂದವರ ಕೆಲಸ, ನ್ಯಾಯಾಧೀಶರು ಇದ್ದದ್ದನ್ನು ಇದ್ದ ಹಾಗೆ ಓದಬೇಕು ಎಂದು ಕುಟ್ಟುತ್ತಿದ್ದೆ.

"ಊರಿಗೆ ಉಪಕಾರಿ, ಮನೆಗೆ ಮಾರಿ. ಅಲ್ಲಿ ಹಾಲು ಉಕ್ತಾ ಇದೆ, ನೋಡ್ರೀ" ಎನ್ನುತ್ತಿದ್ದಳು ಹೆಂಡತಿ.

ಎರಡು ವರ್ಷದ ಹಿಂದೆ ನಮ್ಮ ಬೀದಿಯ ಮೂರನೇ ಮನೆಗೆ ಮೈಸೂರಿನ ಒಂದು ಮುಸ್ಲಿಂ ಕುಟುಂಬ ಬಂತು. ಯಜಮಾನರು ನನ್ನದೇ ವಯಸ್ಸಿನವರು, ಇಲ್ಲೇ ಹತ್ತಿರದ ಫ್ರೀಮಾಂಟ್‌ನಲ್ಲಿ ಕೆಲಸ, ಮೆಲುದನಿ. ಮಕ್ಕಳಿಗೆ ಏನು ಕಲಿಸಬೇಕೆಂದು ಹೇಳುವ ಹಕ್ಕು ತಂದೆ ತಾಯಿಗಿದೆ, ದೇವರನ್ನು ನಂಬುವವನ ತಂಟೆಗೆ ಸರ್ಕಾರ ಬರಬಾರದು ಎಂಬುದು ಅವರ ನಿಲುವು. ಅಂತೂ ಒಬ್ಬ ಜೊತೆಗಾರ ಸಿಕ್ಕನೆಂದು ಹಿಗ್ಗಿ, ನಾನೇ ಅವರನ್ನು ಗುಂಪಿಗೆ ಸೇರಿಸಿದೆ. ನನ್ನ ಕೈಯಾರೆ ಸೇರಿಸಿದೆನಲ್ಲ ಎಂಬುದು ಇವತ್ತಿಗೂ ಉರಿಯುತ್ತದೆ.

ಅವರ ರೀತಿಯೇ ಬೇರೆ. ತೀರ್ಪನ್ನು ಪೂರ್ತಿ ಪ್ರಿಂಟ್ ತೆಗೆದು, ಕ್ಲಿಪ್ ಹಾಕಿ, ಎರಡು ದಿನ ಓದುತ್ತಾರೆ. ಗೆದ್ದ ನ್ಯಾಯಾಧೀಶರ ಮಾತಿಗೆ ನೀಲಿ ಗೆರೆ, ಸೋತವರ ಮಾತಿಗೆ ಕೆಂಪು ಗೆರೆ. ಬರೆಯುವುದು ಮೂರನೇ ದಿನ. ಹಳಸಿದ ಅನ್ನ ಯಾರಿಗೆ ಬೇಕು ಎಂದುಕೊಂಡಿದ್ದೆ. ಜನಕ್ಕೆ ಅದೇ ಬೇಕಾಯಿತು. ನನ್ನ ಟಿಪ್ಪಣಿಯ ಕೆಳಗೇ ಒಬ್ಬರು ಬರೆದರು: "ಸಾರ್ ಏನಂತಾರೋ ನೋಡೋಣ, ಆಮೇಲೆ ಮಾತಾಡೋಣ." ಆ ಸಾರ್ ನಾನಲ್ಲ! ಆವತ್ತು ನನಗೆ ಊಟ ಸೇರಲಿಲ್ಲ. ಅವರು ಸೌಮ್ಯವಾಗಿದ್ದಷ್ಟೂ ನನ್ನ ಹೊಟ್ಟೆ ಉರಿಯುತ್ತಿತ್ತು. ಜಗಳಗಂಟರಾಗಿದ್ದರೆ ಎಷ್ಟು ಚೆನ್ನಾಗಿತ್ತು.

ಹೋದ ಜೂನ್‌ನಲ್ಲಿ ನನಗೂ ಒಂದು ಸುಖ ಬಂತು. ಹದಿನಾರರ ಮಗಳು ಬೇಸಿಗೆಯ ಡಿಬೇಟ್ ಕ್ಯಾಂಪಿಗೆ ಸೇರಿದ್ದಳು. ನನ್ನ ರಾಜಕೀಯ ಕೇಳಿದರೆ ಕಿವಿಗೆ ಹೆಡ್‌ಫೋನ್ ಹಾಕಿಕೊಳ್ಳುವ ಹುಡುಗಿ. ಚೀಟಿ ಎತ್ತಿದಾಗ ಅವಳಿಗೆ ವಾದಿಸಲು ಕನ್ಸರ್ವೇಟಿವ್ ಪಕ್ಷ ಬಂದಿತ್ತು. ವಿಷಯ, ಸರ್ಕಾರಿ ಇಲಾಖೆಗಳಿಗೆ ಎಷ್ಟು ಅಧಿಕಾರವಿರಬೇಕು ಎಂಬುದು.

"ಅಪ್ಪಾ, ಗೆಸ್ ವಾಟ್, ನಂಗೆ ನಿನ್ನ ಸೈಡ್ ಬಂದಿದೆ. ಹೆಲ್ಪ್ ಮಾಡ್ತೀಯಾ?"

ಇಂಥ ಮಾತು ಕೇಳಿ ಎಷ್ಟು ವರ್ಷವಾಗಿತ್ತೋ. ಅವಳ ಮೊದಲ ಸುತ್ತಿನ ದಿನವೇ ಅದೇ ವಿಷಯದ ಒಂದು ತೀರ್ಪೂ ಬರುವುದಿತ್ತು.

ಬೆಳಿಗ್ಗೆ ಏಳಕ್ಕೆ ಬಂತು. ದಪ್ಪ ಕಡತ. ನಾನು ಯಾವತ್ತೂ ಪೂರ್ತಿ ಓದಿದವನಲ್ಲ. ಫೋನಿನಲ್ಲಿ 'ಲಿಬರ್ಟಿ' ಎಂದು ಹುಡುಕಿ, ಸಿಕ್ಕ ಜಾಗಕ್ಕೆ ಹಾರಿ, ಅಕ್ಷರ ದೊಡ್ಡದು ಮಾಡಿಕೊಂಡು ಓದುವುದು ನನ್ನ ಅಭ್ಯಾಸ. ಒಂದು ಸಾಲು ಸಿಕ್ಕಿತು, ಬೆಂಕಿಯಂಥ ಸಾಲು. ಮೂರನೇ ಮನೆಯವರು ಇನ್ನೂ ಪ್ರಿಂಟರ್‌ಗೆ ಕಾಗದ ತುಂಬುತ್ತಿರಬೇಕು ಎಂದು ನಗುತ್ತ, ಕೋರ್ಟು ನಮ್ಮ ಮಾತನ್ನೇ ಹೇಳಿದೆ ಎಂದು ಗುಂಪಿಗೆ ಹಾಕಿದೆ. ಮಗಳೂ ಅದನ್ನೇ ತನ್ನ ಕಾರ್ಡಿನ ಮೇಲೆ ಬರೆದುಕೊಂಡು ಹೋದಳು.

ಒಂಬತ್ತಕ್ಕೆ ಆಫೀಸಿನಲ್ಲಿ ಕೂತಿದ್ದಾಗ ಅವರ ಮೆಸೇಜು ಬಂತು. ಗುಂಪಿನಲ್ಲಲ್ಲ, ನನಗೊಬ್ಬನಿಗೇ. "ಸಾರ್, ತಪ್ಪು ತಿಳ್ಕೋಬೇಡಿ. ನೀವು ಹಾಕಿರೋ ಸಾಲು ತೀರ್ಪಿಂದಲ್ಲ, ಡಿಸೆಂಟ್‌ದು. ಪುಟದ ಮೇಲ್ಗಡೆ ಒಂದ್ಸಲ ನೋಡ್ಬಿಡಿ."

ಒಪ್ಪದೆ ಸೋತ ನ್ಯಾಯಾಧೀಶರು ತಮ್ಮ ಭಿನ್ನಮತವನ್ನು ಬರೆದು ತೀರ್ಪಿನ ಹಿಂದೆ ಸೇರಿಸುವುದು ಇಲ್ಲಿನ ಪದ್ಧತಿ. ಪ್ರತಿ ಪುಟದ ನೆತ್ತಿಯ ಮೇಲೆ ಹಾಗೆಂದು ಬರೆದಿರುತ್ತದೆ. ಅಕ್ಷರ ದೊಡ್ಡದು ಮಾಡಿದ್ದರಿಂದ ಆ ನೆತ್ತಿ ನನ್ನ ಪರದೆಯಿಂದ ಆಚೆ ಹೋಗಿತ್ತು. ನಾವು ಗೆದ್ದಿರಲಿಲ್ಲ, ಸೋತಿದ್ದೆವು.

ಮಗಳ ಸುತ್ತು ಹನ್ನೊಂದಕ್ಕೆ. ಒಂದು ಕಾಲ್ ಮಾಡಿದ್ದರೆ ಸಾಕಿತ್ತು. ಯಾರು ಹೇಳಿದರು ಎಂದು ಕೇಳುತ್ತಾಳೆ, ಅವರ ಹೆಸರು ನನ್ನ ಬಾಯಲ್ಲೇ ಬರಬೇಕು. ಮಕ್ಕಳ ಡಿಬೇಟಿನಲ್ಲಿ ಯಾರು ಪುಟ ತೆಗೆದು ನೋಡುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡು ಮೀಟಿಂಗಿಗೆ ಹೋದೆ.

ಎದುರಾಳಿ ಹುಡುಗ ಪುಟ ತೆಗೆದೇ ನೋಡಿದ. ನೆತ್ತಿಯ ಸಾಲನ್ನು ಗಟ್ಟಿಯಾಗಿ ಓದಿದನಂತೆ. "ಎವ್ರಿವನ್ ಲಾಫ್ಡ್, ಅಪ್ಪಾ" ಎಂದು ಮಗಳು ಕಾರ್ಡನ್ನು ನನ್ನ ಮುಂದೆ ಎಸೆದಳು. ಆತುರದಲ್ಲಿ ಆಗಿಹೋಯಿತು ಎಂದೆ. "ಆತುರಗಾರನಿಗೆ ಬುದ್ಧಿ ಮಟ್ಟ" ಎಂದು ಹೆಂಡತಿ ಅಡುಗೆಮನೆಯಿಂದಲೇ ಅಂದಳು. ಆ ತಪ್ಪಿನ ಮಟ್ಟಿಗೆ ಬೈಗುಳ ಅಷ್ಟಕ್ಕೇ ಮುಗಿಯಿತು.

ಮರುದಿನ ಸಂಜೆ ಮಗಳು ಮನೆಯಲ್ಲಿರಲಿಲ್ಲ. ಎರಡನೇ ಸುತ್ತಿಗೆ ತಯಾರಾಗಲು ಮೂರನೇ ಮನೆಗೆ ಹೋಗಿದ್ದಳು. ಕರೆದುಕೊಂಡು ಬರುವ ನೆಪ ಮಾಡಿಕೊಂಡು ನಾನೂ ಹೋದೆ. ಊಟದ ಮೇಜಿನ ಮೇಲೆ ಕಾಗದದ ಕಟ್ಟು. ಪಕ್ಕದ ಕುರ್ಚಿಯಲ್ಲಿ ಅವರು.

"ನಮ್ಮ ಕಡೆಯವ್ರು ಯಾಕೆ ಸೋತ್ರು ಅಂತ ಮೊದ್ಲು ಓದಮ್ಮ. ಬೇಜಾರಾಗುತ್ತೆ, ಆದ್ರೂ ಓದು" ಎನ್ನುತ್ತಿದ್ದರು. ನನ್ನ ಮಗಳು ತಲೆಬಗ್ಗಿಸಿ ಓದುತ್ತಿದ್ದಳು. ನನ್ನೆದುರು ಅವಳು ಹಾಗೆ ಕೂತದ್ದನ್ನು ನಾನು ಕಂಡಿರಲಿಲ್ಲ.

"ನನ್ ಮಗಳಿಗೆ ನಾನೇ ಹೇಳ್ಕೊಡ್ತೀನಿ ಸಾರ್" ಎಂದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. "ನೆನ್ನೆ ಒಂಬತ್ತು ಗಂಟೆಗೇ ನನ್ ತಪ್ಪು ಹಿಡಿದ್ರಲ್ಲ, ಅಷ್ಟು ಸಾಲ್ದಾ ನಿಮಗೆ?"

ಮಗಳು ತಲೆ ಎತ್ತಿದಳು. "ನೈನ್? ಬಟ್ ಮೈ ರೌಂಡ್ ವಾಸ್ ಅಟ್ ಇಲೆವೆನ್."

ಅವರು ಗಡಿಬಿಡಿಯಿಂದ ನಡುವೆ ಬಂದರು. "ಇಲ್ಲಮ್ಮ, ಅಪ್ಪ ಮೀಟಿಂಗಲ್ಲಿ ಇದ್ರೇನೋ, ನೋಡಿರಲ್ಲ ಬಿಡು." ನನ್ನನ್ನು ಉಳಿಸಲು ಹೊರಟಿದ್ದರು. ಅವರ ಕೈಯಿಂದ ಉಳಿಯುವುದು ನನಗೆ ಬೇಕಿರಲಿಲ್ಲ.

"ನೋಡಿದ್ದೆ" ಎಂದೆ.

ಅವಳು ಕೈಯಲ್ಲಿದ್ದ ಪುಟವನ್ನು ಮೇಜಿನ ಮೇಲಿಟ್ಟಳು. "ಅಂಕಲ್ ಹತ್ರ ನೀನು ಸೋಲಬಾರ್ದು ಅಂತ ನನ್ನ ಸೋಲಿಸಿದ್ಯಾ, ಅಪ್ಪಾ?"

ಉತ್ತರಕ್ಕೆ ಕಾಯದೆ ಬಗ್ಗಿ ಮತ್ತೆ ಓದತೊಡಗಿದಳು. ನನಗೆ ಮೊದಲು ನಾಚಿಕೆಯಾಗಬೇಕಿತ್ತು. ಅದು ಮನೆಗೆ ಒಬ್ಬನೇ ನಡೆದು ಬಂದ ಮೇಲೆ ಆಯಿತು. ಆ ಬಾಗಿಲಲ್ಲಿ ನಿಂತಿದ್ದಾಗ ನನಗೆ ಕಂಡದ್ದು ಒಂದೇ, ಅವಳ ಪಕ್ಕದ ಕುರ್ಚಿಯಲ್ಲಿ ಅವರು ಕೂತಿದ್ದರು.