ಟೆಂಟಿನಲ್ಲಿ ಕಥೆ ಹೇಳುತ್ತಿದ್ದ ಬಳೆಗಾರ ಚಾಚಾ

ಬಳೆಗಾರ ಚಾಚಾನ ಬಲಗೈ ಹೆಬ್ಬೆರಳಿನ ಬುಡದಲ್ಲಿ ಸಣ್ಣ ಸಣ್ಣ ಗಾಯದ ಗೆರೆಗಳು ಬೆಳ್ಳಗೆ ಹೊಳೆಯುತ್ತಿದ್ದವು. ಬಳೆ ಒಡೆದರೆ ಗಾಜಿನ ಚೂರು ಹೆಂಗಸರ ಕೈಗೆ ತಾಗದಂತೆ ತಮ್ಮ ಬೆರಳನ್ನು ಅಡ್ಡ ಕೊಡುವುದು ಅವರ ರೂಢಿ. ಕೈ ಹಿಂಡುವಾಗ ಎಂದೂ ಮುಖ ನೋಡುತ್ತಿರಲಿಲ್ಲ. ನೆಲ ನೋಡುತ್ತ, ತವರಿನ ಸುದ್ದಿ ಕೇಳುತ್ತ, ನೋವು ತಿಳಿಯುವುದರೊಳಗೆ ಡಜನ್ ಬಳೆ ಏರಿಸಿ ಮುಗಿಸಿರುತ್ತಿದ್ದರು.

ಗಜೇಂದ್ರಗಡದ ನಮ್ಮ ಓಣಿಗೆ ಅವರು ವಾರಕ್ಕೊಮ್ಮೆ ಬರುತ್ತಿದ್ದರು. ಆದರೆ ನಮಗೆ, ಮಕ್ಕಳಿಗೆ, ಅವರು ಬಳೆಗಾರರಿಗಿಂತ ಹೆಚ್ಚಾಗಿ ಟೆಂಟಿನ ಮಾತುಗಾರರು. ಅವು ಐವತ್ತರ ದಶಕದ ಮೊದಲ ವರ್ಷಗಳು. ಬೇಸಿಗೆ ಬಂತೆಂದರೆ ಊರಾಚೆಯ ಬಯಲಿನಲ್ಲಿ ಟೂರಿಂಗ್ ಟಾಕೀಸಿನ ಟೆಂಟು ಏಳುತ್ತಿತ್ತು. ಕೆಲವು ವಾರ ಇಲ್ಲಿ, ಆಮೇಲೆ ರೋಣ, ಆಮೇಲೆ ನರಗುಂದ. ಒಮ್ಮೊಮ್ಮೆ ಇಂಗ್ಲಿಷ್ ಚಿತ್ರಗಳೂ ಬರುತ್ತಿದ್ದವು. ಮೈಗೆ ಅಂಟಿದ ಉಡುಪು, ಮುಖಕ್ಕೆ ಮುಸುಕು, ಬೆನ್ನ ಮೇಲೆ ಪಟಪಟಿಸುವ ಬಟ್ಟೆ, ಅಂಥ ಒಬ್ಬ ಮಹಾಶೂರ ಮಾಳಿಗೆಯಿಂದ ಮಾಳಿಗೆಗೆ ಹಾರಿ ದುಷ್ಟರನ್ನು ಬಡಿಯುತ್ತಿದ್ದ. ನಮ್ಮೂರಲ್ಲಿ ಇಂಗ್ಲಿಷ್ ಯಾರಿಗೆ ತಿಳಿಯಬೇಕು? ಅದಕ್ಕೇ ಚಾಚಾ ಪರದೆಯ ಪಕ್ಕ ಪೆಟ್ಟಿಗೆಯ ಮೇಲೆ ನಿಂತು, ತಗಡಿನ ಕೊಳವೆಯನ್ನು ಬಾಯಿಗೆ ಹಿಡಿದು ಕನ್ನಡದಲ್ಲಿ ಕಥೆ ಹೇಳುತ್ತಿದ್ದರು.

ಅವರಿಗೂ ಇಂಗ್ಲಿಷ್ ಬರುತ್ತಿರಲಿಲ್ಲ. ಬಳೆ ತರಲು ಹುಬ್ಬಳ್ಳಿಗೆ ಹೋದಾಗ ರದ್ದಿ ಮಾರುವವನ ಹತ್ತಿರ ಅದೇ ಮಹಾಶೂರನ ಬಣ್ಣದ ಚಿತ್ರಕಥೆಯ ಪುಸ್ತಕ ಸಿಕ್ಕಿತ್ತು. ಇದನ್ನೇ ನೋಡಿ ಸಿನೆಮಾ ಮಾಡಿದ್ದಾರೆ ಎಂದು ಟೆಂಟಿನ ಮ್ಯಾನೇಜರ್ ಹೇಳಿದ್ದನಂತೆ. ಚಾಚಾ ಅಕ್ಷರ ಬಿಟ್ಟು ಚಿತ್ರಗಳನ್ನಷ್ಟೇ ಓದಿ ಕಥೆ ಹೊಂದಿಸಿಕೊಳ್ಳುತ್ತಿದ್ದರು. ಬಳೆಯ ಬುಟ್ಟಿ ಇಳಿಸಿ ನಮ್ಮ ಕಟ್ಟೆಯ ಮೇಲೆ ಕೂತಾಗ ನನಗೂ ಆ ಪುಸ್ತಕ ತೋರಿಸುತ್ತಿದ್ದರು. ನನಗಾಗ ಹನ್ನೊಂದು ವರ್ಷ.

ಒಂದು ದಿನ ಪುಟ ತಿರುವುತ್ತ ಕೇಳಿದೆ: "ಚಾಚಾ, ಈಕಿ ಯಾಕ ಯಾವಾಗಲೂ ಬಿದ್ದಿರತಾಳ?"

ನಿಜವಾಗಿಯೂ ಹಾಗೇ ಇತ್ತು. ಆ ಚಿನ್ನದ ಕೂದಲಿನ ಹುಡುಗಿ ಒಂದು ಚಿತ್ರದಲ್ಲಿ ಕಂಬಕ್ಕೆ ಕಟ್ಟಿಸಿಕೊಂಡಿದ್ದರೆ ಇನ್ನೊಂದರಲ್ಲಿ ಮೂರ್ಛೆ ಹೋಗಿರುತ್ತಿದ್ದಳು, ಮತ್ತೊಂದರಲ್ಲಿ ಶೂರನ ತೋಳಿನಲ್ಲಿ ಜೋತು ಬಿದ್ದಿರುತ್ತಿದ್ದಳು. ಚಾಚಾ ಪುಸ್ತಕ ಇಸಿದುಕೊಂಡು ಒಂದೊಂದೇ ಪುಟ ನೋಡಿದರು.

"ಬರದಾಂವಗ ಆಕಿನ್ನ ಕೆಡವೂದು ಸಸಾರ ಆಗೇತಿ ಯವ್ವಾ. ನಿಂದರಸೂದು ತ್ರಾಸ," ಎಂದರು.

ನಾನು ಅಷ್ಟಕ್ಕೇ ಬಿಡಲಿಲ್ಲ. ದುಷ್ಟನ ಸೇವಕನೊಬ್ಬ ಇದ್ದ. ರುಮಾಲು, ಉದ್ದ ಗಡ್ಡ, ಗರಗರ ತಿರುಗುವ ಕಣ್ಣು. ಅವನ ಮೇಲೆ ಬೆರಳಿಟ್ಟು, ಇವನು ನಿಮ್ಮಂತೆಯೇ ಇದ್ದಾನಲ್ಲ ಎಂದುಬಿಟ್ಟೆ. ಚಾಚಾ ನಕ್ಕು ತಮ್ಮ ಗಡ್ಡ ಸವರಿಕೊಂಡರು. ನಗು ಬೇಗ ನಿಂತಿತು. ನಾನೇನು ಅಂದೆನೆಂದು ನನಗೆ ಅರ್ಥವಾಗಲು ವರ್ಷಗಳು ಬೇಕಾದವು.

ಅದೇ ವಾರದ ಸಂಜೆಯ ಆಟಕ್ಕೆ ಅವ್ವನ ಜೊತೆ ಹೋಗಿದ್ದೆ. ಹೆಂಗಸರಿಗೆ ಬಟ್ಟೆಯ ಮರೆ ಕಟ್ಟಿ ಬೇರೆ ಜಾಗ ಮಾಡಿದ್ದರು. ಪರದೆಯ ಮೇಲೆ ಹುಡುಗಿಯನ್ನು ಗಿರಣಿಯ ಕಂಬಕ್ಕೆ ಬಿಗಿದಿದ್ದರು. ಆಕೆ ಬಾಯಿ ತೆರೆದು ಚೀರಿದಳು. ಹಿಂದಿನ ವಾರ ಇದೇ ಜಾಗದಲ್ಲಿ ಚಾಚಾ, "ಕಾಪಾಡ್ರಿ, ಕಾಪಾಡ್ರಿ" ಎಂದು ಹೆಣ್ಣು ದನಿ ಮಾಡಿ ಅತ್ತಿದ್ದರು. ಈ ಸಲ ದನಿ ಬದಲಿಸಲಿಲ್ಲ.

"ಹಾರೂ ಅಣ್ಣಾ, ಬರೂದಿದ್ರ ಲಗೂ ಬಾ. ಬರದಿದ್ರ ಇರಲಿ. ಕಾಲಾಗಿನ ಹಗ್ಗ ಸಡ್ಲ ಆಗೇತಿ, ನಾನ ಬಿಚ್ಚಿಕೊಳ್ತೇನಿ."

ಹೆಂಗಸರ ಕಡೆ ನಗು, ಚಪ್ಪಾಳೆ. ಪರದೆಯ ಮೇಲೆ ಶೂರ ಕಿಟಕಿ ಮುರಿದು ಒಳಗೆ ಧುಮುಕಿದ. ಚಾಚಾ ಹುಡುಗಿಯ ಪರವಾಗಿ ಅವನಿಗೆ ಹೇಳಿದರು: "ಬಂದ್ಯಾ? ಚಲೋ ಆತು. ಆ ಕಡಿ ಗಂಟ ನೀ ಬಿಚ್ಚು." ಎಂದೂ ಬಾಯಿಬಿಟ್ಟು ನಗದ ನನ್ನವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಮಾರನೆಯ ದಿನ ನೀರು ಸೇದುವಲ್ಲೆಲ್ಲ ಅದೇ ಮಾತು. ಆ ಚಿತ್ರ ನೋಡಲು ಹೆಂಗಸರು ಎರಡೆರಡು ಸಲ ಹೋದರು.

ಗಡ್ಡದವನ ವಿಷಯ ಇಷ್ಟು ಸುಲಭವಾಗಲಿಲ್ಲ. ಅವನು ಪರದೆಗೆ ಬಂದರೆ ಸಾಕು, ಮುಂದೆ ಕೂತ ಪಡ್ಡೆ ಹುಡುಗರು "ಚಾಚಾ, ನಿಮ್ಮ ತಮ್ಮ ಬಂದ" ಎಂದು ಕೂಗುತ್ತಿದ್ದರು. ಹಗಲು ಬುಟ್ಟಿ ಹೊತ್ತು ಹೊರಟರೆ ಓಣಿಯ ಮಕ್ಕಳು ಕಣ್ಣು ತಿರುಗಿಸುತ್ತ ಬೆನ್ನು ಹತ್ತುತ್ತಿದ್ದರು. ನನ್ನ ಅಣ್ಣನೂ ಅವರಲ್ಲಿದ್ದ. ಚಾಚಾ ಯಾರನ್ನೂ ಬೈಯಲಿಲ್ಲ. ಕೊನೆಯ ವಾರದ ಒಂದು ಆಟದಲ್ಲಿ ಮಾತ್ರ, ಆ ಸೇವಕ ಕಣ್ಣು ತಿರುಗಿಸಿದಾಗ, ಅವನ ಬಾಯಿಂದ ಹೀಗೆ ಹೇಳಿಸಿದರು: "ನಾ ಇಲ್ಲಿ ಕೂಲಿಯಾಂವ. ಕಣ್ಣ ತಿರಗಸು ಅಂದಾರ, ತಿರಗಸಾಕತ್ತೇನಿ. ಮನ್ಯಾಗ ನನಗೂ ಮಕ್ಕಳದಾವ, ಅವಕ್ಕ ಈ ಮಾರಿ ತೋರಸಂಗಿಲ್ಲ."

ಆ ಆಟಕ್ಕೆ ನನ್ನ ಜೊತೆ ಅಣ್ಣನೂ ಬಂದಿದ್ದ. ಆಮೇಲೆ ಅವನು ಕಣ್ಣು ತಿರುಗಿಸುತ್ತ ಚಾಚಾನ ಬೆನ್ನು ಹತ್ತಲಿಲ್ಲ.

ಮ್ಯಾನೇಜರ್ ಸಿಟ್ಟಾದನಂತೆ. ಜನ ಹೆದರಲು ಬರುತ್ತಾರೆ, ಕಳ್ಳನ ಮನೆಯ ಕಷ್ಟ ಕೇಳಲು ಅಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿ ಎಂದನಂತೆ. ಅದಕ್ಕೆ ಚಾಚಾ ಕೊಟ್ಟ ಉತ್ತರ ಊರಲ್ಲೆಲ್ಲ ಓಡಾಡಿತು: "ನಾ ಸುಳ್ಳ ಹೇಳಿಲ್ಲರಿ. ಆ ಮನಿಷ್ಯಾ ಖರೇನೂ ಕೂಲಿಯಾಂವನ ಅಲ್ಲೇನ್ರಿ?" ಹಾಗೆಂದು ತಗಡಿನ ಕೊಳವೆಯನ್ನು ಪೆಟ್ಟಿಗೆಯ ಮೇಲಿಟ್ಟು ಬಂದರು. ಟೆಂಟು ರೋಣಕ್ಕೆ ಹೋದಾಗ ಬೇರೊಬ್ಬ ಮಾತುಗಾರ ಅದರ ಜೊತೆ ಹೋದ. ಚಾಚಾ ಮತ್ತೆ ಬರಿಯ ಬಳೆಗಾರರಾದರು.

ಮೂರು ವರ್ಷ ಕಳೆಯಿತು. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದೆ. ಧಾರವಾಡಕ್ಕೆ ಹೋಗಿ ಮಾಸ್ತರಿಕೆಯ ಟ್ರೇನಿಂಗ್ ಮಾಡಬೇಕೆಂಬ ಆಸೆ ಇತ್ತು, ಯಾರಿಗೂ ಹೇಳಿರಲಿಲ್ಲ. ಅಷ್ಟರಲ್ಲಿ ಜಕ್ಕಲಿಯ ಒಂದು ಒಕ್ಕಲುತನದ ಮನೆಯವರು ನನ್ನನ್ನು ಕೇಳಿಕೊಂಡು ಬಂದರು. ಹೊಲ, ಎತ್ತು, ಒಳ್ಳೆಯ ಮಂದಿ. ಮಾತು ನಿಶ್ಚಯವಾಗುವ ದಿನ ಅವ್ವ ಚಾಚಾನನ್ನು ಕರೆಸಿ ಹಸಿರು ಬಳೆ ಇಡಿಸಲು ನನ್ನನ್ನು ಅಡುಗೆಮನೆಯಲ್ಲಿ ಕೂರಿಸಿದಳು. ಹೊರಗೆ ಪಡಸಾಲೆಯಲ್ಲಿ ಅಪ್ಪ ಬೀಗರ ಜೊತೆ ಮಾತನಾಡುತ್ತಿದ್ದ.

ನನ್ನ ಮುಷ್ಟಿ ಬಿಚ್ಚಲಿಲ್ಲ. ಮೊದಲ ಬಳೆ ಒಡೆಯಿತು, ಎರಡನೆಯದೂ ಒಡೆಯಿತು. ಚಾಚಾನ ಬೆರಳಲ್ಲಿ ರಕ್ತ ಬಂತು. ಬಳೆ ಇಡುತ್ತ ಅವರು ಮೊದಲ ಸಲ ನನ್ನ ಮುಖ ನೋಡಿದ್ದು ಆಗ. ಮನಸ್ಸಿದೆಯೇ ಎಂದು ಮೆಲ್ಲಗೆ ಕೇಳಿದರು. ಇಲ್ಲ, ಸಾಲಿ ಕಲೀಬೇಕು ಎಂದೆ. ಅಪ್ಪನಿಗೆ ನೀವೇ ಹೇಳಿ ಎಂದು ಬೇಡಿಕೊಂಡೆ.

"ನಾ ಹೇಳಿದ್ರ ಅದು ನನ್ನ ಮಾತ ಆಗತೈತಿ," ಎಂದರು ಚಾಚಾ. "ಅಪ್ಪಾರು ಅಲ್ಲೆ ಕುಂತಾರ. ನೀನ ಹೋಗಿ ಹೇಳು. ನೀ ಬರೂತನಕಾ ನಾ ಇಲ್ಲೇ ಕುಂತಿರತೇನಿ."

ಒಲೆಯ ಮುಂದಿನಿಂದ ಅವ್ವ ಏಳುವುದರೊಳಗೆ ನಾನು ಪಡಸಾಲೆಗೆ ಹೋಗಿದ್ದೆ. ಏನು ಹೇಳಿದೆನೋ ಪೂರ್ತಿ ನೆನಪಿಲ್ಲ. ಧಾರವಾಡ ಎಂಬ ಮಾತು ಬಂದದ್ದು ನೆನಪಿದೆ. ಜಕ್ಕಲಿಯ ಹಿರಿಯರು ಸಿಟ್ಟಾಗಲಿಲ್ಲ. ಹುಡುಗಿಗೆ ಮನಸ್ಸಿಲ್ಲದಿದ್ದರೆ ಬೇಡ ಬಿಡಿ ಎಂದು ಚಹಾ ಮುಗಿಸಿ ಎದ್ದರು. ಅಪ್ಪ ಎರಡು ದಿನ ಮಾತು ಬಿಟ್ಟು ಮೂರನೆಯ ದಿನ ಧಾರವಾಡದ ವಿಚಾರ ಕೇಳಿದ. ಅವ್ವನ ಸಿಟ್ಟು ಮಾತ್ರ ಇಳಿಯಲಿಲ್ಲ. ಇನ್ನು ನಮ್ಮ ಹೊಸ್ತಿಲು ತುಳಿಯಬೇಡಿ ಎಂದು ಚಾಚಾನಿಗೆ ಅಂದೇ ಹೇಳಿದ್ದಳು. ಅವರು ಹೌದ್ರಿ ಎಂದು ಬುಟ್ಟಿ ಎತ್ತಿಕೊಂಡು ಹೋಗಿದ್ದರು. ಆಮೇಲೆ ನಮ್ಮ ಮನೆಯ ಮುಂದೆ ಹಾಯುವಾಗ ಅವರು ಬಳೆ ಎಂದು ಕೂಗುತ್ತಿರಲಿಲ್ಲ.

ಆ ದಶಕ ಮುಗಿಯುವ ಹೊತ್ತಿಗೆ ನಾನು ನರಗುಂದದ ಹೆಣ್ಣುಮಕ್ಕಳ ಸಾಲೆಯಲ್ಲಿ ಪಾಠ ಹೇಳುವ ಬಾಯಾರಾಗಿದ್ದೆ. ಚಾಚಾ ಜ್ವರ ಬಂದು ತೀರಿಕೊಂಡ ಸುದ್ದಿ ಹದಿನೈದು ದಿನ ತಡವಾಗಿ ಬಂತು. ಆ ಮಳೆಗಾಲ ದಾರಿಯ ಹಳ್ಳಕ್ಕೆ ನೀರು ಬಂದು ಟಪಾಲೂ ತಡವಾಗಿತ್ತು. ರಜೆ ಸಿಕ್ಕ ಕೂಡಲೇ ಊರಿಗೆ ಹೋಗಿ ಅವರ ಮನೆಗೆ ನಡೆದೆ. ಅವರ ಹೆಂಡತಿಯನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ತೆಳ್ಳನೆಯ, ಮೆಲುಮಾತಿನ ಹೆಂಗಸು. ನನ್ನ ಮದುವೆ ನಿಂತ ಕಥೆ ಅವರಿಗೆ ಗೊತ್ತಿತ್ತು.

ಟೆಂಟಿನಲ್ಲಿ ಚಾಚಾ ಹೇಳುತ್ತಿದ್ದ ಮಾತು ಕೇಳಿರದಿದ್ದರೆ ಅಂದು ನನಗೆ ಬಾಯಿ ಬರುತ್ತಿರಲಿಲ್ಲ ಎಂದೆ.

"ನಾ ಟೆಂಟಿಗೆ ಒಂದಿನಾನೂ ಹೋಗಲಿಲ್ಲ," ಎಂದರು ಚಾಚಿ. "ಗಡ್ಡದಾಂವನ್ನ ನೋಡಿ ಮಂದಿ ಇವರಿಗೆ ನಗತಾರ ಅಂತ ಕೇಳಿದ್ದೆ. ಅದನ್ನ ನೋಡೂದು ನನ್ನ ಕೈಲೆ ಆಗತಿರಲಿಲ್ಲ. ಆದ್ರ ಆ ಹುಡಿಗಿ ಏನಂತಾಳ ಅಂತ ಇವರು ಮನ್ಯಾಗ ನನ್ನ ಕೇಳತಿದ್ರು. ನಿನ್ನ ಕಟ್ಟಿ ಹಾಕಿದ್ರ ನೀ ಏನಂತಿದ್ದಿ, ಹೇಳು ಅಂತ. ನಾ ರೊಟ್ಟಿ ಬಡಕೋಂತ ಏನರೆ ಒಂದ ಅಂದಬಿಡತಿದ್ದೆ. ಅದಕ್ಕ ಹೆಣಮಕ್ಕಳು ಚಪ್ಪಾಳಿ ಬಡದ್ರು ಅಂತ ಬಂದ ಹೇಳತಿದ್ರು. ಖರೇನ ಬಡೀತಿದ್ರೇನ ಯವ್ವಾ?"

ಬಡೀತಿದ್ದರು ಚಾಚಿ, ಎಂದೂ ನಗದ ನಮ್ಮವ್ವ ಕೂಡ ನಕ್ಕಿದ್ದಳು ಎಂದೆ.

ಅಲ್ಲಿಯವರೆಗೆ ನನ್ನ ಮೇಲಿನ ಋಣ ಚಾಚಾ ಒಬ್ಬರದೇ ಎಂದುಕೊಂಡಿದ್ದೆ.